ಮೇದರ ಕೇತಯ್ಯನವರ ಬಿದಿರು: ಮೆಳೆಯಿಂದ ಗಿರಣಿಯವರೆಗೆ

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಂದೆಡೆ ಬರೆದಿಟ್ಟರೆ ಅದು ಆ ಕಾಲದ ಕಸುಬುಗಳ ಪಟ್ಟಿಯೂ ಆಗುತ್ತದೆ. ಹರಿಗೋಲು ನಡೆಸಿದ ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆದ ನುಲಿಯ ಚಂದಯ್ಯನವರು, ಮಡಕೆ ಮಾಡಿದ ಕುಂಬಾರ ಗುಂಡಯ್ಯನವರು, ಬಟ್ಟೆ ಒಗೆದ ಮಡಿವಾಳ ಮಾಚಯ್ಯನವರು. ಇವರ ಸಾಲಿನಲ್ಲಿ ಬಿದಿರನ್ನು ಸೀಳಿ, ಮೊರ ಬುಟ್ಟಿಗಳನ್ನು ಹೆಣೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದವರು ಮೇದರ ಕೇತಯ್ಯನವರು. ಮಲೆನಾಡಿನ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ದೊರೆತಿರುವ ಅವರ ವಚನಗಳು ಕೆಲವೇ. ಅವುಗಳ ಅಂಕಿತ ‘ಗವರೇಶ್ವರ’. ಗವರಿಗ ಎಂದರೆ ಬಿದಿರಿನ ಕೆಲಸಗಾರ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೇದ ಎಂಬುದರ ಜೊತೆಗೆ ಗೌರಿಗ ಎಂಬ ಹೆಸರೂ ಇರುವುದನ್ನು ನೋಡಿದರೆ, ಎಂಟುನೂರು ವರ್ಷಗಳ ಹಿಂದೆ ಇಷ್ಟಲಿಂಗದ ಹೆಸರಿನೊಡನೆ ಬೆರೆತ ಕಸುಬಿನ ಪದವೊಂದು ಇನ್ನೂ ಬಳಕೆಯಲ್ಲಿದೆ ಎಂಬುದು ತಿಳಿಯುತ್ತದೆ.

ಕೇತಯ್ಯನವರ ಚರಿತ್ರೆಯಲ್ಲಿ ಎರಡು ಪ್ರಸಂಗಗಳು ಪ್ರಸಿದ್ಧವಾಗಿವೆ. ಅವರ ಕಾಯಕನಿಷ್ಠೆಯನ್ನು ಪರೀಕ್ಷಿಸಲೆಂದು ಬಿದಿರಿನ ಒಡಲಲ್ಲಿ ಹೊನ್ನನ್ನು ತುಂಬಿಸಿಡಲಾಗಿತ್ತು. ಗಳುವನ್ನು ಕಡಿದಾಗ ಹೊನ್ನು ಸುರಿಯಿತು. ಕೇತಯ್ಯನವರು ಅದನ್ನು ಹುಳುವೆಂದು ಬಗೆದು ಆ ಬಿದಿರನ್ನು ಅಲ್ಲಿಯೇ ಬಿಟ್ಟು ಬೇರೆ ಬಿದಿರು ಹುಡುಕಿದರು. ಇನ್ನೊಂದು ಪ್ರಸಂಗದಲ್ಲಿ, ಬಿದಿರು ಕಡಿಯುತ್ತಿದ್ದಾಗ ಗಳುವೊಂದು ಅವರ ಎದೆಗೆ ನಾಟುತ್ತದೆ. ಅದನ್ನು ಕಿತ್ತರೆ ಪ್ರಾಣ ಹೋಗುವುದೆಂದು ತಿಳಿದೂ ಆ ದಿನದ ಕಾಯಕವನ್ನೂ ದಾಸೋಹವನ್ನೂ ಅವರು ನಿಲ್ಲಿಸುವುದಿಲ್ಲ. ಭಕ್ತರು ಈ ಕಥೆಗಳಲ್ಲಿ ಪವಾಡವನ್ನು ಕಾಣುತ್ತಾರೆ, ಅದು ಸಹಜವೇ. ಆದರೆ ಬಿದಿರಿನ ಕೆಲಸವನ್ನು ಬಲ್ಲವರಿಗೆ ಇವುಗಳಲ್ಲಿ ಮತ್ತೊಂದು ಸಂಗತಿಯೂ ಕಾಣುತ್ತದೆ. ಹುಳು ಬಿದ್ದ ಬಿದಿರು ಮೇದರಿಗೆ ನಿರುಪಯೋಗಿ. ಗಳುವನ್ನು ಸೀಳಿದೊಡನೆ ಅವರು ಮೊದಲು ನೋಡುವುದು ಒಳಗೆ ಹುಳುವಿದೆಯೇ ಎಂಬುದನ್ನು. ಹಾಗೆಯೇ ಮುಳ್ಳು ಬಿದಿರಿನ ಮೆಳೆಯಲ್ಲಿ ಗಳುಗಳು ಒಂದರೊಡನೊಂದು ಹೆಣೆದುಕೊಂಡು ಬಿಲ್ಲಿನಂತೆ ಬಾಗಿ ನಿಂತಿರುತ್ತವೆ. ಒಂದನ್ನು ಕಡಿದರೆ ಮತ್ತೊಂದು ಸಿಡಿದು ಬರುವುದುಂಟು. ಮೆಳೆಗೆ ಕೈ ಹಾಕುವವನ ನಿತ್ಯದ ಅಪಾಯವಿದು. ಈ ಕಥೆಗಳನ್ನು ಮೊದಲು ಹೇಳಿದವರು ಬಿದಿರು ಕಡಿಯುವುದನ್ನು ಕಣ್ಣಾರೆ ಕಂಡವರೇ ಇರಬೇಕು.

ಬಸವಣ್ಣನವರ ಒಂದು ವಚನದಲ್ಲಿಯೂ ಬಿದಿರಿನ ಉಪಯೋಗಗಳ ಎಣಿಕೆಯಿದೆ. ಅಂದಣ, ಸತ್ತಿಗೆ, ಗುಡಾರಗಳೆಲ್ಲ ಬಿದಿರಿನಿಂದಲೇ ಆಗುತ್ತವೆ ಎಂದು ಹೇಳಿದ ಮೇಲೆ ಅವರು ಅದೇ ಶಬ್ದವನ್ನು ಕ್ರಿಯಾಪದವಾಗಿ ತಿರುಗಿಸುತ್ತಾರೆ. ಹಳಗನ್ನಡದಲ್ಲಿ ‘ಬಿದಿರ್’ ಎಂದರೆ ಕೊಡಹು, ಚೆಲ್ಲು ಎಂದರ್ಥ. ಅಂದರೆ ಕೈ ಕೊಡಹಿ ನೀಡು ಎಂದೂ ಆಗುತ್ತದೆ. ನೀಡದವರನ್ನು ಸಂಗಮದೇವ ಮೆಚ್ಚನೆಂಬುದು ಅಲ್ಲಿನ ಮಾತು. ಶ್ಲೇಷೆಯ ಚೆಲುವಿನ ಜೊತೆಗೆ ಇನ್ನೊಂದನ್ನು ಗಮನಿಸಬೇಕು: ಆ ಎಣಿಕೆಯಲ್ಲಿರುವುದೆಲ್ಲ ಸಿರಿವಂತಿಕೆಯ ವಸ್ತುಗಳು, ಪಲ್ಲಕ್ಕಿ, ಕೊಡೆ, ಡೇರೆ. ಮೊರ ಬುಟ್ಟಿಗಳು ಬಡವರ ಮನೆಯವು. ಒಂದೇ ಹುಲ್ಲು ಎರಡೂ ಕಡೆಗೆ ಸಂದಿದೆ. ಹುಲ್ಲು ಎಂದೇ ಹೇಳಬೇಕು. ಬಿದಿರು ಎಷ್ಟು ಎತ್ತರ ಬೆಳೆದರೂ ಸಸ್ಯಶಾಸ್ತ್ರದ ಪ್ರಕಾರ ಅದು ಭತ್ತ, ರಾಗಿ, ಕಬ್ಬುಗಳ ಕುಲಕ್ಕೆ ಸೇರಿದ ಹುಲ್ಲು. ಈ ಒಂದು ಸಂಗತಿಯನ್ನು ಕಾನೂನು ಒಪ್ಪಿಕೊಳ್ಳದೆ ಹೋದುದರಿಂದ ಏನಾಯಿತೆಂಬುದು ಮುಂದೆ ಬರುತ್ತದೆ.

ಕನ್ನಡ ನಾಡಿನ ಊರುಗಳ ಹೆಸರಿನಲ್ಲಿಯೂ ಅಳತೆಯ ಪದಗಳಲ್ಲಿಯೂ ಬಿದಿರು ಬೇರೂರಿದೆ. ಮೂಡಬಿದಿರೆಯನ್ನು ಸಂಸ್ಕೃತದಲ್ಲಿ ವೇಣುಪುರ, ವಂಶಪುರ ಎಂದು ಕರೆದರು. ಕೆಳದಿಯ ಅರಸರ ರಾಜಧಾನಿಯಾಗಿದ್ದ ಬಿದರೂರು ಅಥವಾ ಬಿದನೂರಿಗೂ ವೇಣುಪುರವೆಂಬ ಹೆಸರೇ ಕಾವ್ಯಗಳಲ್ಲಿ ಬರುತ್ತದೆ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರವೆಂದು ಕರೆದ ಮೇಲೆ ಬಿದಿರು ಹೆಸರಿನಿಂದ ಮರೆಯಾಯಿತು. ಇಂದು ಹೊಸನಗರ ತಾಲ್ಲೂಕಿನಲ್ಲಿ ಅದು ಬರಿಯ ‘ನಗರ’. ಬೀದರದ ಹೆಸರೂ ಬಿದಿರಿನಿಂದ ಬಂದುದೆಂಬ ಅಭಿಪ್ರಾಯವಿದೆ, ವಿದುರನ ನಗರವೆಂಬ ಐತಿಹ್ಯವೂ ಇದೆ. (ಬಿದರಿ ಕಲೆಗೂ ಬಿದಿರಿಗೂ ನೇರ ಸಂಬಂಧವಿಲ್ಲ. ಅದು ಲೋಹದ ಮೇಲೆ ಬೆಳ್ಳಿ ಕೂರಿಸುವ ಕೆಲಸ, ಊರಿನ ಹೆಸರನ್ನು ಹೊತ್ತಿದೆ ಅಷ್ಟೆ.) ಶಾಸನಗಳಲ್ಲಿ ಭೂಮಿಯನ್ನು ಅಳೆಯುವ ಕೋಲಿಗೆ ‘ಗಳೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಗಳು, ಗಳೆ ಎಂದರೆ ಬಿದಿರಿನ ಉದ್ದನೆಯ ಕೋಲು. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಳ್ಳಿಗಾವೆಯಲ್ಲಿ 1047ರಲ್ಲಿ ಗಂಡಭೇರುಂಡ ಸ್ತಂಭ ನಿಂತಿತು. ಆ ಊರಿನ ಶಾಸನಗಳಲ್ಲಿ ಭೇರುಂಡ ಗಳೆಯೆಂಬ ಅಳತೆಯೂ ಕಾಣುತ್ತದೆ. ದೇವರಿಗೂ ಮಠಗಳಿಗೂ ಬಿಟ್ಟ ಭೂಮಿಯ ಲೆಕ್ಕವೆಲ್ಲ ಹೀಗೆ ಗಳುವಿನ ಉದ್ದದಲ್ಲಿಯೇ ಬರೆಯಲ್ಪಟ್ಟಿತು.

ನದಿಯನ್ನು ದಾಟುವುದಕ್ಕೂ ಬಿದಿರೇ ಬೇಕಾಗಿತ್ತು. ಅಂಬಿಗರ ಚೌಡಯ್ಯನವರ ಹೆಸರಿನೊಡನೆ ನೆನಪಾಗುವ ಹರಿಗೋಲು ಬಿದಿರಿನ ದಬ್ಬೆಗಳನ್ನು ದುಂಡಗೆ ಹೆಣೆದು ಮೇಲೆ ಚರ್ಮವನ್ನು ಹೊದಿಸಿದ ದೊಡ್ಡ ಬುಟ್ಟಿಯಲ್ಲದೆ ಬೇರೆಯಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಇವನ್ನು ಕಂಡು ಬೆರಗಾದನು. ಹದಿನೈದು ಇಪ್ಪತ್ತು ಜನರನ್ನು ಹೊರುವವು, ಕುದುರೆ ಎತ್ತುಗಳನ್ನೂ ದಾಟಿಸಬಲ್ಲವು, ತಿರುಗುತ್ತ ತಿರುಗುತ್ತಲೇ ಮುಂದೆ ಸಾಗುತ್ತವೆ ಎಂದು ಅವನು ಬರೆದಿಟ್ಟಿದ್ದಾನೆ. ಚರ್ಮದ ಬದಲು ಇತ್ತೀಚಿನ ದಶಕಗಳಲ್ಲಿ ಟಾರು ಬಳಿದ ಹಾಳೆ ಬಂದಿದೆ. ಒಳಗಿನ ಹೆಣಿಗೆ ಮಾತ್ರ ಬಹುಕಾಲ ಬಿದಿರಿನದೇ ಆಗಿ ಉಳಿಯಿತು.

ಇಷ್ಟೆಲ್ಲ ಉಪಯೋಗಗಳಿಗೆ ಒದಗುತ್ತಿದ್ದುದು ಒಂದೇ ಬಿದಿರಲ್ಲ. ಪೇಟೆಯವರು ಒಟ್ಟಾರೆ ಬಿದಿರು ಎನ್ನುವುದನ್ನು ಮೇದರು ಹಾಗೆ ಹೇಳುವುದಿಲ್ಲ. ಭಾರತದಲ್ಲಿ ನೂರಕ್ಕೂ ಹೆಚ್ಚು ಬಗೆಯ ಬಿದಿರುಗಳಿವೆ. ಅವುಗಳಲ್ಲಿ ಬಹುಪಾಲು ಈಶಾನ್ಯದ ಬೆಟ್ಟಗಳಲ್ಲಿವೆ. ಕರ್ನಾಟಕದ ಕಾಡುಗಳಲ್ಲಿ ಮುಖ್ಯವಾದವು ಕೆಲವೇ. ಆದರೆ ಆ ಕೆಲವು ಬಗೆಗಳ ನಡುವಿನ ಅಂತರವೇ ಒಂದು ಸಮುದಾಯದ ವಿದ್ಯೆಯಾಗಿತ್ತು.

ಮೊದಲನೆಯದು ಹೆಬ್ಬಿದಿರು, ಸಸ್ಯಶಾಸ್ತ್ರದ ಹೆಸರಿನಲ್ಲಿ ಬಾಂಬೂಸ ಬಾಂಬೋಸ್. ಮಳೆ ಚೆನ್ನಾಗಿ ಬೀಳುವ ಎಲೆಯುದುರುವ ಕಾಡುಗಳಲ್ಲಿ, ಹೊಳೆಹಳ್ಳಗಳ ದಂಡೆಯಲ್ಲಿ ಇದು ಮೂವತ್ತು ಮೀಟರಿನವರೆಗೂ ಏರುತ್ತದೆ. ಗಳು ದಪ್ಪ, ಒಳಗೆ ಪೊಳ್ಳು. ಬುಡದ ಕೊಂಬೆಗಳೆಲ್ಲ ಬಾಗಿದ ಮುಳ್ಳುಗಳಾಗಿ ಮೆಳೆಯ ಸುತ್ತ ಹೆಣೆದುಕೊಂಡು ಕೋಟೆಯಂತಾಗುತ್ತವೆ. ಮನೆಯ ಮಾಡಿಗೆ ಗಳು, ಹಂದರಕ್ಕೆ ಕಂಬ, ಏಣಿ, ನೀರು ಹಾಯಿಸುವ ದೋಣಿ, ಹಾಲು ಮಜ್ಜಿಗೆಗೆ ಅಂಡೆ, ಕಾಳು ತುಂಬುವ ಕಣಜ ಇವೆಲ್ಲ ಇದರಿಂದಲೇ. ಇದರ ಎಳೆಯ ಮೊಳಕೆಯೇ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಮಳೆಗಾಲದ ಅಡುಗೆಗೆ ಬರುವ ಕಳಲೆ. ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ನೀರನ್ನು ಬದಲಿಸಿ ಬದಲಿಸಿ ಆಮೇಲೆ ಬೇಯಿಸುವುದು ರೂಢಿ. ಹಸಿಯ ಕಳಲೆಯಲ್ಲಿ ವಿಷದ ಅಂಶವಿರುವುದನ್ನು ಇಂದಿನ ವಿಜ್ಞಾನ ಹೇಳುತ್ತದೆ. ಅಜ್ಜಿಯರು ಕಹಿ ಹೋಗಲೆಂದು ಮಾಡುತ್ತಿದ್ದುದು ಅದಕ್ಕೆ ಸರಿಯಾದ ಪರಿಹಾರವೇ ಆಗಿತ್ತು.

ಎರಡನೆಯದು ಕಿರುಬಿದಿರು. ಇದನ್ನು ಗಂಡುಬಿದಿರು ಎನ್ನುವವರೂ ಇದ್ದಾರೆ. ಡೆಂಡ್ರೊಕೆಲಾಮಸ್ ಸ್ಟ್ರಿಕ್ಟಸ್ ಎಂಬುದು ಇದರ ಶಾಸ್ತ್ರೀಯ ನಾಮ. ಬಯಲುಸೀಮೆಯ ಅಂಚಿನ ಒಣಕಾಡುಗಳಲ್ಲಿ, ಕಲ್ಲುಗುಡ್ಡಗಳಲ್ಲಿ ಬೆಳೆಯುತ್ತದೆ. ಎತ್ತರ ಕಡಿಮೆ, ಗಳು ಸಣ್ಣದು, ಹೆಬ್ಬಿದಿರಿನಂತಹ ಮುಳ್ಳಿಲ್ಲ. ನೆಲ ಒಣಗಿದಷ್ಟೂ ಗಳುವಿನ ಒಳಗು ಗಟ್ಟಿಯಾಗುತ್ತದೆ, ಕೆಲವೆಡೆ ಪೊಳ್ಳೇ ಇರುವುದಿಲ್ಲ. ದೊಣ್ಣೆ, ಈಟಿಯ ಹಿಡಿ, ಕೊಡಲಿ ಗುದ್ದಲಿಗಳ ಕಾವು, ಬಂಡಿಯ ತಟ್ಟಿ, ಕುರಿ ಕಾಯುವವನ ಕೈಗೋಲು ಇದರವು. ಹೆಣಿಗೆಗೂ ಇದು ಚೆನ್ನಾಗಿ ಒದಗುತ್ತದೆ. ಮೊರದ ಅಂಚಿಗೆ ಬೇಕಾದ ಬಿಗಿ ಇದರ ದಬ್ಬೆಯಲ್ಲಿದೆ.

ಮಲೆನಾಡಿನ ತೊರೆಗಳ ತಂಪಿನಲ್ಲಿ ಬೆಳೆಯುವ ವಾಟೆ ಅಥವಾ ಓಟೆ ಇವೆರಡಕ್ಕಿಂತ ಬೇರೆಯೇ ಸ್ವಭಾವದ್ದು. ತೆಳುವಾದ ಗೋಡೆ, ಗಿಣ್ಣಿನಿಂದ ಗಿಣ್ಣಿಗೆ ಉದ್ದನೆಯ ಅಂತರ. ಭಾರ ಹೊರುವ ಕೆಲಸಕ್ಕೆ ಬಾರದು. ಆದರೆ ಚಾಪೆಗೂ ತಟ್ಟಿಗೂ ಮೆದುವಾದ ಹೆಣಿಗೆಗೂ ಇದಕ್ಕೆ ಸಮನಾದುದಿಲ್ಲ. ಕೊಳಲಿಗೆ ಬೇಕಾದುದು ಕೂಡ ಇಂತಹ ತೆಳುಗೋಡೆಯ ಉದ್ದ ಗೆಣ್ಣಿನ ಬಿದಿರೇ. ಇದೇ ಕುಲದ ಒಂದು ಬಗೆಗೆ ಶಾಸ್ತ್ರಜ್ಞರು ಕೊಟ್ಟ ‘ಸ್ಕ್ರಿಪ್ಟೋರಿಯ’ ಎಂಬ ಹೆಸರು ಬರವಣಿಗೆಯನ್ನು ನೆನಪಿಸುತ್ತದೆ. ಲೇಖನಿಯಾಗಿ ಒದಗಿದ ಬಿದಿರು ಅದು. ಕರಾವಳಿಯ ಉತ್ತರ ಕನ್ನಡದಿಂದ ಗೋವೆ, ಸಿಂಧುದುರ್ಗದವರೆಗೆ ಮನೆಯಂಗಳದಲ್ಲಿ ಜನರು ನೆಟ್ಟು ಬೆಳೆಸುವ ಮತ್ತೊಂದು ಬಿದಿರಿದೆ. ಸ್ಟಾಕ್ಸ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರನ್ನು ಹೊತ್ತ ಇದಕ್ಕೆ ಮುಳ್ಳಿಲ್ಲ, ಗಳು ನೇರ, ಒಳಗು ಬಹುಮಟ್ಟಿಗೆ ಗಟ್ಟಿ. ಕಡಿಯುವುದು ಸುಲಭವಾದುದರಿಂದ ತೋಟಗಾರರಿಗೆ ಇದೇ ಪ್ರಿಯ.

ಬಿದಿರಿನ ಗಿಣ್ಣುಗಳೊಳಗೆ ಅಪರೂಪಕ್ಕೆ ದೊರೆಯುವ ಬಿಳಿಯ ಹರಳು ವಂಶಲೋಚನ. ಅದು ವೈದ್ಯರ ಪಾಲಿಗೆ ಬೆಲೆಯುಳ್ಳದ್ದು. 1791ರಲ್ಲಿ ಇದನ್ನು ಇಂಗ್ಲೆಂಡಿನಲ್ಲಿ ರಾಸಾಯನಿಕವಾಗಿ ಪರೀಕ್ಷಿಸಿದವನು ಜೇಮ್ಸ್ ಸ್ಮಿತ್‌ಸನ್. ಮುಂದೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಹುಟ್ಟಿದ್ದು ಅವನ ಆಸ್ತಿಯಿಂದ. ಅವನ ಮೊದಲ ಪ್ರಬಂಧವೇ ಭಾರತದಿಂದ ಹೋದ ಈ ಬಿದಿರಿನ ಹರಳಿನ ಮೇಲಿನದು.

ಬಗೆಯನ್ನು ತಿಳಿದರೆ ಸಾಲದು, ವಯಸ್ಸನ್ನೂ ತಿಳಿಯಬೇಕು. ಬಿದಿರಿನ ಗಳು ಮಳೆಗಾಲದಲ್ಲಿ ನೆಲದಿಂದ ಎದ್ದ ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಆಮೇಲೆ ದಪ್ಪವಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಹೆಣಿಗೆಗೆ ಎಳೆಯ ಗಳು ಬೇಕು, ಅದು ಕತ್ತಿಗೆ ಒಗ್ಗುತ್ತದೆ, ದಬ್ಬೆ ಮುರಿಯದೆ ಬಾಗುತ್ತದೆ. ಮನೆಯ ಮಾಡಿಗೆ ಮೂರು ವರ್ಷ ದಾಟಿದ ಗಳುವೇ ಬೇಕು. ಹೊಸದಾಗಿ ಎದ್ದುದನ್ನು ಮುಟ್ಟಬಾರದು, ಮುಂದಿನ ಮೊಳಕೆಗಳನ್ನು ಸಾಕುವುದು ಅದೇ. ಬೇಸಗೆಗೆ ಮುಂಚೆ, ಅಮಾವಾಸ್ಯೆಯ ಕಡೆಯ ದಿನಗಳಲ್ಲಿ ಕಡಿದ ಬಿದಿರಿಗೆ ಹುಳು ಬೀಳದೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಚಂದ್ರನ ಮಾತು ಹೇಗೇ ಇರಲಿ, ಗಳುವಿನೊಳಗಿನ ಪಿಷ್ಟವೇ ಕುಟ್ಟೆ ಹುಳುವನ್ನು ಕರೆಯುವುದು. ಪಿಷ್ಟ ಕಡಿಮೆಯಿರುವ ಕಾಲದಲ್ಲಿ ಕಡಿಯುವುದು, ಕಡಿದುದನ್ನು ಹರಿಯುವ ನೀರಿನಲ್ಲಿ ಕೆಲವು ವಾರ ಮುಳುಗಿಸಿಡುವುದು ಇವೆರಡೂ ಅದಕ್ಕೆ ನಿಜವಾದ ಮದ್ದು. ಮೇದರು ಮೆಳೆಯೊಳಗೆ ಹೋಗುವುದಕ್ಕೆ ಒಂದು ಬದಿಯಲ್ಲಿ ಮಾತ್ರ ಮುಳ್ಳನ್ನು ಸವರಿ ದಾರಿ ಮಾಡಿಕೊಂಡು, ಬೇಕಾದ ನಾಲ್ಕಾರು ಗಳುಗಳನ್ನು ಆಳೆತ್ತರದಲ್ಲಿ ಕಡಿದು ಹೊರಗೆಳೆಯುತ್ತಿದ್ದರು. ಸುತ್ತಲಿನ ಮುಳ್ಳು ಹಾಗೆಯೇ ಉಳಿಯುತ್ತಿತ್ತು. ಅದನ್ನು ಕಡಿಯುವುದರಲ್ಲಿ ಅವರಿಗೆ ಲಾಭವಿರಲಿಲ್ಲ, ಶ್ರಮವಿತ್ತು. ಆ ಮುಳ್ಳಿನ ಬೆಲೆ ಗೊತ್ತಾದದ್ದು ಬಹಳ ತಡವಾಗಿ.

ಮುಳ್ಳಿನ ಒಂದು ಉಪಯೋಗವನ್ನಂತೂ ಅರಸರು ಬಲ್ಲವರಾಗಿದ್ದರು. 1792ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣವನ್ನು ಮುತ್ತಿದಾಗ ಕೋಟೆಗೆ ಬಹು ದೂರದಲ್ಲಿಯೇ ಅವರಿಗೆ ಎದುರಾದುದು ಬಿದಿರು ಮತ್ತು ಮುಳ್ಳುಗಿಡಗಳ ದಟ್ಟವಾದ ಜೀವಂತ ಬೇಲಿ. ಕಲ್ಲಿನ ಗೋಡೆಗಿಂತ ಅಗ್ಗ, ಕಡಿದರೂ ಮತ್ತೆ ಚಿಗುರುವ ಗೋಡೆ.

ಆದರೆ ಅದೇ ಬ್ರಿಟಿಷರ ಅರಣ್ಯ ಇಲಾಖೆಗೆ ಬಿದಿರು ಬೇಡವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಲಕ್ಷ್ಯವೆಲ್ಲ ತೇಗದ ಮೇಲೆ. ಹಡಗಿಗೂ ರೈಲು ದಾರಿಗೂ ಮರ ಬೇಕು. ತೇಗದ ಸಸಿಗೆ ನೆರಳು ಮಾಡುವ ಬಿದಿರು ಅವರ ಕಣ್ಣಿಗೆ ಕಳೆಯಾಗಿ ಕಂಡಿತು. ಇಪ್ಪತ್ತನೆಯ ಶತಮಾನ ಬಂದಾಗ ನೋಟ ಒಮ್ಮೆಲೇ ಬದಲಾಯಿತು. ದೆಹ್ರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೈಟ್ ನಡೆಸಿದ ಪ್ರಯೋಗಗಳು ಬಿದಿರಿನ ತಿರುಳಿನಿಂದ ಒಳ್ಳೆಯ ಕಾಗದವನ್ನು ಮಾಡಬಹುದೆಂದು ತೋರಿಸಿಕೊಟ್ಟವು. 1925ರಲ್ಲಿ ಬಿದಿರಿನ ಕಾಗದದ ಉದ್ಯಮವನ್ನು ವಿದೇಶದ ಪೈಪೋಟಿಯಿಂದ ಕಾಪಾಡುವುದಕ್ಕೆಂದೇ ಒಂದು ಕಾಯಿದೆ ಬಂದಿತು. ಎರಡು ವರ್ಷಗಳ ಮೇಲೆ, 1927ರ ಭಾರತೀಯ ಅರಣ್ಯ ಕಾಯಿದೆ ‘ಮರ’ ಎಂಬ ಶಬ್ದದ ವ್ಯಾಖ್ಯೆಯೊಳಗೆ ಬಿದಿರನ್ನೂ ಸೇರಿಸಿತು. ಹುಲ್ಲು ಮರವಾಯಿತು. ಮರವಾದುದರಿಂದ ಅದನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಇಲಾಖೆಯ ಅನುಮತಿ ಬೇಕಾಯಿತು. ತಲೆತಲಾಂತರದಿಂದ ಕಾಡಿಗೆ ಹೋಗಿ ಗಳು ತರುತ್ತಿದ್ದವನು ತನ್ನ ಕಾಯಕದ ವಸ್ತುವಿಗೆ ತಾನೇ ಕಳ್ಳನಾಗುವ ಸ್ಥಿತಿ ಹೀಗೆ ಬಂದೊದಗಿತು. ಕಾಗದದ ಗಿರಣಿಗಳಿಗೆ ಮಾತ್ರ ಅದೇ ಬಿದಿರು ಇಡೀ ಅರಣ್ಯ ಭಾಗಗಳ ಗುತ್ತಿಗೆಯಾಗಿ ದೊರೆಯತೊಡಗಿತು.

ಮೈಸೂರು ಸಂಸ್ಥಾನ 1936ರಲ್ಲಿ ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆಯನ್ನು ಸ್ಥಾಪಿಸಿತು. ಉತ್ತರ ಕನ್ನಡದ ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಕಾರ್ಖಾನೆ 1959ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕಾಳಿ ನದಿಯ ಕಣಿವೆಯ ಅಪಾರವಾದ ಬಿದಿರನ್ನು ನಂಬಿಯೇ ಅದು ಅಲ್ಲಿಗೆ ಬಂದದ್ದು. ಸರ್ಕಾರದ ಒಪ್ಪಂದದಂತೆ ಟನ್ನಿಗೆ ಒಂದೂವರೆ ರೂಪಾಯಿಯಂತಹ ದರದಲ್ಲಿ ಗಿರಣಿಗೆ ಬಿದಿರು ಸಂದಿತು. ಪೇಟೆಯಲ್ಲಿ ಮೇದರು ಕೊಡಬೇಕಾಗಿದ್ದ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ. ಗಿರಣಿಯೂ ನಾಡಿಗೆ ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಶಾಲೆಯ ಪುಸ್ತಕಗಳೂ, ವಚನಗಳ ಮುದ್ರಣವೂ ನಡೆದದ್ದು ಕಾಗದದ ಮೇಲೆಯೇ. ಆದರೆ ಬೆಲೆಯಿಲ್ಲದಂತೆ ಸಿಕ್ಕುವ ವಸ್ತುವನ್ನು ಉಳಿಸಿಕೊಳ್ಳಬೇಕೆಂಬ ಚಿಂತೆ ಯಾರಿಗೂ ಹುಟ್ಟುವುದಿಲ್ಲ. ಗಿರಣಿಗೆ ಹೆಬ್ಬಿದಿರೂ ಒಂದೇ, ಕಿರುಬಿದಿರೂ ಒಂದೇ. ಗಳುವಿನ ನೇರ, ಗಿಣ್ಣಿನ ಅಂತರ, ವಯಸ್ಸು ಯಾವುದೂ ಅಲ್ಲಿ ಪ್ರಶ್ನೆಯಲ್ಲ. ಎಲ್ಲವೂ ಕತ್ತರಿಸಿ ಬೇಯಿಸುವ ತಿರುಳು. ಲೆಕ್ಕ ಟನ್ನಿನಲ್ಲಿ.

ಟನ್ನಿನ ಈ ಲೆಕ್ಕ ಮೆಳೆಯ ಬುಡಕ್ಕೆ ತಲುಪಿದ ಬಗೆ ವಿಚಿತ್ರವಾದುದು. ಗಳುಗಳನ್ನು ಸುಲಭವಾಗಿ, ಪೂರ್ತಿಯಾಗಿ ಕಡಿಯಲು ಹೆಬ್ಬಿದಿರಿನ ಬುಡದ ಮುಳ್ಳು ಅಡ್ಡಿ. ಆ ಮುಳ್ಳಿನ ಹೆಣಿಗೆಯನ್ನು ತೆಗೆದು ಮೆಳೆಯನ್ನು ‘ಸ್ವಚ್ಛ’ಗೊಳಿಸಿದರೆ ಹೊಸ ಮೊಳಕೆಗಳಿಗೆ ಜಾಗವಾಗಿ ಬಿದಿರು ಇನ್ನೂ ಚೆನ್ನಾಗಿ ಬೆಳೆಯುವುದೆಂದು ತಾಂತ್ರಿಕರು ನಂಬಿದ್ದರು. ಹಾಗೆಯೇ ಮಾಡಿದರು. ಆದರೆ ಮೆಳೆಗಳು ಹೆಚ್ಚುವುದಕ್ಕೆ ಬದಲು ಸೊರಗುತ್ತ ಹೋದವು. ಬಿದಿರು ಸಿಕ್ಕದೆ ಬುಟ್ಟಿ ಹೆಣೆಯುವವರ ದೂರು ಸರ್ಕಾರವನ್ನು ಮುಟ್ಟಿತು. 1970ರ ದಶಕದ ಮಧ್ಯದಲ್ಲಿ ಕರ್ನಾಟಕ ಸರ್ಕಾರದ ಆಸಕ್ತಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರೂ ಅವರ ಸಹೋದ್ಯೋಗಿ ಎಸ್. ನರೇಂದ್ರ ಪ್ರಸಾದರೂ ಕಾಡಿನಲ್ಲಿ ಮೆಳೆಗಳನ್ನು ಎಣಿಸಿ, ಮೊಳಕೆಗಳ ಗತಿಯನ್ನು ವರ್ಷಗಟ್ಟಲೆ ಗಮನಿಸಿದರು. ಕಂಡುಬಂದುದು ಇಷ್ಟು: ಕಳಲೆ ಎಂದರೆ ಮನುಷ್ಯನಿಗಷ್ಟೇ ರುಚಿಯಲ್ಲ. ದನಕರು, ಮುಳ್ಳುಹಂದಿ, ಮಂಗಗಳೂ ಅದಕ್ಕೆ ಕಾದಿರುತ್ತವೆ. ಮುಳ್ಳಿನ ಬೇಲಿ ಇದ್ದಾಗ ಅದರೊಳಗೆ ಎದ್ದ ಮೊಳಕೆ ಕೈಗೆಟುಕದ ಎತ್ತರಕ್ಕೆ ಏರುವವರೆಗೆ ಸುರಕ್ಷಿತವಾಗಿರುತ್ತದೆ. ಬೇಲಿಯನ್ನು ತೆಗೆದೊಡನೆ ಮೊಳಕೆಗಳೆಲ್ಲ ತಿಂದು ಮುಗಿಯುತ್ತವೆ. ಮುದಿ ಗಳುಗಳನ್ನು ಗಿರಣಿ ಒಯ್ಯುತ್ತದೆ, ಎಳೆಯವನ್ನು ದನ ಮೇಯುತ್ತದೆ, ಮೆಳೆ ಬರಿದಾಗುತ್ತದೆ. ಮುಳ್ಳನ್ನು ತೆಗೆಯಬಾರದೆಂದು ಸುತ್ತಲಿನ ಹಳ್ಳಿಯವರು ಮೊದಲಿನಿಂದಲೂ ಹೇಳುತ್ತಿದ್ದರೆಂಬುದನ್ನು ಗಾಡ್ಗೀಳರೇ ಬರೆದಿದ್ದಾರೆ. ಹೇಳಿದವರಿಗೆ ಪದವಿಯಿರಲಿಲ್ಲ, ಆದುದರಿಂದ ಕೇಳುವವರೂ ಇರಲಿಲ್ಲ.

ಇಲ್ಲಿ ಬಿದಿರಿನ ಹೂವಿನ ಮಾತನ್ನೂ ಹೇಳಬೇಕು. ಮೆಳೆ ಮತ್ತೆ ಹುಟ್ಟುವುದು ಅದರಿಂದಲೇ. ಹೆಬ್ಬಿದಿರು ಸುಮಾರು ನಾಲ್ಕೈದು ದಶಕಗಳಿಗೊಮ್ಮೆ, ಒಂದು ಸೀಮೆಯಲ್ಲಿರುವುದೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೂ ಬಿಡುತ್ತದೆ. ಬೀಜ ಉದುರಿಸಿ ಇಡೀ ಮೆಳೆ ಒಣಗಿ ಸಾಯುತ್ತದೆ. ಬಿದಿರು ಹೂ ಬಿಟ್ಟರೆ ಬರಗಾಲವೆಂಬ ನಂಬಿಕೆ ಹಳೆಯದು. ಬೀಜವನ್ನು ತಿಂದು ಇಲಿಗಳು ಅಪಾರವಾಗಿ ಹೆಚ್ಚಿ, ಬೀಜ ಮುಗಿದ ಮೇಲೆ ಹೊಲಗಳಿಗೆ ನುಗ್ಗುವುದುಂಟಾದುದರಿಂದ ಅದು ಬರಿಯ ಮೂಢನಂಬಿಕೆಯೂ ಅಲ್ಲ. ಮಿಜೋರಾಮಿನಲ್ಲಿ 1959ರ ಕ್ಷಾಮ ಹೀಗೆಯೇ ಬಂದದ್ದು. ಆದರೆ ನಮ್ಮ ಕಾಡುಗಳಲ್ಲಿ ಆ ಬೀಜವೇ ಬರದ ವರ್ಷದ ಅನ್ನವೂ ಆಗಿದೆ. ಸೋಲಿಗರು, ಜೇನುಕುರುಬರು ಮೆಳೆಯ ಬುಡವನ್ನು ಗುಡಿಸಿ ಸ್ವಚ್ಛಗೊಳಿಸಿ, ಉದುರಿದ ಬಿದಿರಕ್ಕಿಯನ್ನು ಕೂಡಿಸಿ ಕುಟ್ಟಿ ಬೇಯಿಸುತ್ತಾರೆ. ಒಬ್ಬ ಮನುಷ್ಯನ ಬಾಳಿನಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಿಗುವ ಅಕ್ಕಿ ಅದು.

ಗಿರಣಿಗಳು ಮೆಲ್ಲನೆ ನೀಲಗಿರಿ, ಅಕೇಶಿಯ, ಸುಬಾಬುಲ್ ಮರಗಳ ತಿರುಳಿಗೆ ತಿರುಗಿದವು. ಕಾನೂನೂ ತಡವಾಗಿ ತಿದ್ದಿಕೊಂಡಿತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಎಣಿಸಿತು. ಕಾಡಿನಲ್ಲಿ ವಾಸಿಸುವವರ ಹಕ್ಕಿನ ವಸ್ತುವಾಗಿ ಅದು ಅಲ್ಲಿ ಬರುತ್ತದೆ. 2017ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ 1927ರ ಕಾಯಿದೆಯ ‘ಮರ’ದ ವ್ಯಾಖ್ಯೆಯಿಂದ ಬಿದಿರನ್ನು ತೆಗೆಯಲಾಯಿತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಕಡಿಯಲು ಸಾಗಿಸಲು ಇದ್ದ ಅಡ್ಡಿಯನ್ನು ಕಳೆಯುವುದು ಇದರ ಉದ್ದೇಶ. ತೊಂಬತ್ತು ವರ್ಷ ಮರವಾಗಿದ್ದುದು ಮತ್ತೆ ಹುಲ್ಲಾಯಿತು. ರೈತರು ಈಗ ಹೊಲದ ಬದುಗಳಲ್ಲಿ ಬಿದಿರನ್ನು ನೆಡುತ್ತಿದ್ದಾರೆ. ನೆಡುವುದು ಬಹುತೇಕ ಮುಳ್ಳಿಲ್ಲದ ಬಗೆಗಳನ್ನು. ಪೂರ್ವ ಭಾರತದಿಂದ ಬಂದ ಬಲ್ಕೋವ ಎಂ

ಬ ದಪ್ಪ ಬಿದಿರೂ ಅವುಗಳಲ್ಲಿದೆ. ಕಂಬಕ್ಕೂ ಕಾರ್ಖಾನೆಗೂ ಅದು ಒಳ್ಳೆಯದೇ. ಆದರೆ ಮೊರ ಹೆಣೆಯುವವರ ಕೈಗೆ ಯಾವ ಬಗೆ ಒಗ್ಗುತ್ತದೆ ಎಂಬುದನ್ನು ನೆಡುವ ಮೊದಲು ಅವರನ್ನು ಕೇಳಿದ ಯೋಜನೆ ವಿರಳ.

ಮೇದರ ಕೇರಿಗಳಲ್ಲಿ ಕೆಲಸ ಕಡಿಮೆಯಾಗಿದೆ, ನಿಂತಿಲ್ಲ. ಕಣಜದ ಜಾಗಕ್ಕೆ ಗೋಣಿಚೀಲ ಬಂದಿತು, ಹೆಡಿಗೆಯ ಜಾಗಕ್ಕೆ ಪ್ಲಾಸ್ಟಿಕ್ ಬುಟ್ಟಿ, ಗೊರಬಿನ ಜಾಗಕ್ಕೆ ಮಳೆಯಂಗಿ. ತೊಟ್ಟಿಲು ಅಪರೂಪವಾಗಿದೆ. ಚಟ್ಟಕ್ಕೆ ಮಾತ್ರ ಹಳ್ಳಿ ಪಟ್ಟಣವೆನ್ನದೆ ಬಿದಿರೇ ಬೇಕು. ಗೌರಿ ಹಬ್ಬದ ಬಾಗಿನಕ್ಕೆ ಜೊತೆ ಮೊರ ಬೇಕು. ಭಾದ್ರಪದಕ್ಕೆ ಮುಂಚಿನ ಒಂದು ತಿಂಗಳು ಆ ಕೇರಿಗಳಲ್ಲಿ ಹಗಲಿರುಳು ಕತ್ತಿಯ ಸದ್ದು. ಮೊರದ ಮೈಗೆ ಎಳೆಯ ಗಳುವಿನ ತೆಳುಸೀಳು, ಅಂಚಿಗೆ ಬಲಿತ ಗಳುವಿನ ದಬ್ಬೆ. ಎರಡನ್ನೂ ಒಂದೇ ಬಿದಿರಿನಿಂದ ತೆಗೆದ ಮೊರ ಎರಡು ವರ್ಷ ಬಾಳುವುದಿಲ್ಲವೆಂದು ಹೆಣೆಯುವ ಹೆಂಗಸರು ಹೇಳುತ್ತಾರೆ.

2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ಬಂಡೀಪುರದ ಕಡೆಯ ಕಾಡುಗಳಲ್ಲಿ ಹೆಬ್ಬಿದಿರು ಹೂ ಬಿಟ್ಟು ಒಣಗಿತು. ಉದುರಿದ ಬೀಜದಿಂದ ಮೊದಲ ಮಳೆಗೆ ಹುಲ್ಲಿನಂತೆ ಸಸಿಗಳೆದ್ದವು. ಅಂತಹ ಸಸಿ ದಪ್ಪ ಗಳುವಿನ ಮೆಳೆಯಾಗಲು ಹತ್ತು ಹನ್ನೆರಡು ವರ್ಷ ಬೇಕು, ಆ ವೇಳೆಗೆ ಬುಡದ ಮುಳ್ಳೂ ಹೆಣೆದುಕೊಳ್ಳುತ್ತದೆ. ಆಗ ಹುಟ್ಟಿದ ಮೆಳೆಗಳು ಇದೀಗ ಪ್ರಾಯಕ್ಕೆ ಬಂದಿವೆ. ಅವು ಹೂ ಬಿಡುವುದು ಈ ಶತಮಾನದ ನಡುವಿನ ಹೊತ್ತಿಗೆ. ಅಲ್ಲಿಯವರೆಗೆ ಪ್ರತಿ ಮಳೆಗಾಲವೂ ಅವುಗಳ ಮುಳ್ಳಿನೊಳಗೆ ಕಳಲೆ ಏಳುತ್ತಿರುತ್ತದೆ.